ಹಳೆಯ ಡಿಸ್ಕನ್ನು ನಾನು ಕೊಡಲಿಲ್ಲ

ಅಂಗಡಿಯವನು ಬಿಳಿ ಟೇಪಿನ ಒಂದು ತುಂಡು ಹರಿದು ಕೌಂಟರಿನ ಮೇಲೆ ಅಂಟಿಸಿ, ಮಾರ್ಕರ್ ಪೆನ್ನನ್ನು ನನ್ನ ಕಡೆ ತಳ್ಳಿದ. "ನಾಮ್, ನಂಬರ್, ಪಾಸ್‌ವರ್ಡ್ ಲಿಖ್ ದೋ ಅಮ್ಮಾ. ಪರ್ಸೋಂ ಆಕೋ ಲೇ ಜಾವ್." ಬರೆದುಕೊಟ್ಟರೆ ಮುಗಿಯಿತು, ನಾಡಿದ್ದು ಬಂದು ಕಂಪ್ಯೂಟರ್ ಒಯ್ಯಬಹುದು.

ಅವನ ಬೆನ್ನ ಹಿಂದೆ ರಿಪೇರಿಗೆ ಬಂದ ಕಂಪ್ಯೂಟರುಗಳು ಗೋಡೆಗುಂಟ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಹಣೆಗೂ ಇಂಥದೇ ಟೇಪು. ನಾನು ನಿಂತಲ್ಲಿಂದಲೇ ಓದಿದೆ. ಯಾರದೋ ಮಗಳ ಹೆಸರು, ಮುಂದೆ ಒಂದು ಎರಡು ಮೂರು. ಯಾವುದೋ ದೇವರ ಹೆಸರು, ಮುಂದೆ ಹುಟ್ಟಿದ ವರ್ಷ. ಒಂದರ ಮೇಲೆ ಫ್ಲ್ಯಾಟಿನ ನಂಬರೂ ಇತ್ತು. ಎರಡು ನಿಮಿಷದಲ್ಲಿ ಆರು ಮನೆಗಳ ಗುಟ್ಟು ನನಗೆ ಸಿಕ್ಕಿತ್ತು. ನಾನೇನೂ ಕೇಳಿರಲಿಲ್ಲ.

"ಬರಿಯವ್ವಾ," ಅಂದರು ಜೊತೆಗೆ ಬಂದಿದ್ದ ಅಪ್ಪ. "ಭಾಳ ಹೊತ್ತಾತು."

"ಬರಿಯಂಗಿಲ್ಲರಿ."

ಅಂಗಡಿಯವನು ನಕ್ಕ. "ಹಮ್ ಕ್ಯಾ ಪಢ್ತೆ ಬೈಠ್ತೇ ಅಮ್ಮಾ? ಟೈಮ್ ಕಿಧರ್ ಹೈ?"

ಕೂತು ಓದಲು ಅವನಿಗೆ ಸಮಯವಿಲ್ಲ ಎಂಬುದು ನಿಜವೇ ಇರಬಹುದು. ಸಮಯವಿದ್ದ ದಿನ ಓದಬಹುದು ಎಂಬುದೂ ಅಷ್ಟೇ ನಿಜ. ನಮ್ಮ ಕಂಪ್ಯೂಟರಿನ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಗೆ ಬಂದೆ. ಮಿಯಾಪುರದ ಮೆಟ್ರೋ ನಿಲ್ದಾಣದಿಂದ ಮನೆಯವರೆಗೆ ಆಟೋದಲ್ಲಿ ಅದು ನನ್ನ ತೊಡೆಯ ಮೇಲೇ ಇತ್ತು. ಅರ್ಧ ದಾರಿಯಲ್ಲಿ ಅಪ್ಪ, "ಊರ ಮಂದಿ ಎಲ್ಲಾ ಬರೆದು ಕೊಡ್ತಾರ. ನಿನ್ನದರಾಗ ಅಂಥಾದ್ದೇನು ಬಂಗಾರ ಐತಿ?" ಅಂದರು.

ಬಂಗಾರವಿರಲಿಲ್ಲ. ಏನಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ.

ನಾವು ರಾಯಚೂರು ಕಡೆಯವರು. ಅಪ್ಪ ಔಷಧಿ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ ಹಿಡಿದು ಹೈದರಾಬಾದಿಗೆ ಬಂದಾಗ ನಾನು ಮೂರನೆಯ ತರಗತಿಯಲ್ಲಿದ್ದೆ. ಈ ಕಂಪ್ಯೂಟರ್ ಮನೆಗೆ ಬಂದದ್ದು ಅಣ್ಣ ಎಂಜಿನಿಯರಿಂಗ್ ಸೇರಿದಾಗ. ಅವನಿಗೆ ಮಾದಾಪುರದಲ್ಲಿ ಕೆಲಸ ಸಿಕ್ಕಿ ಆಫೀಸಿನ ಲ್ಯಾಪ್‌ಟಾಪ್ ಬಂದ ಮೇಲೆ ಹಾಲಿನ ಮೂಲೆಯ ಈ ಯಂತ್ರ ನನ್ನ ಪಾಲಿಗೆ ಉಳಿಯಿತು. ಅದು ಶುರುವಾಗಲು ಹನ್ನೊಂದು ನಿಮಿಷ ಬೇಕಿತ್ತು; ಗಡಿಯಾರ ನೋಡಿ ಬರೆದಿಟ್ಟಿದ್ದೇನೆ. ರಿಪೇರಿಗೆ ಒಯ್ದದ್ದು ಅದಕ್ಕೇ. ಒಳಗಿದ್ದದ್ದು ಹಳೆಯ ಕಾಲದ ಹಾರ್ಡ್ ಡಿಸ್ಕ್, ತಟ್ಟೆ ತಿರುಗುತ್ತ ಓದುವಂಥದ್ದು. ಅದರ ಕರಕರ ಅಡುಗೆಮನೆಗೂ ಕೇಳುತ್ತಿತ್ತು. "ಏನ್ ಬರೀತಾಳೋ ನಮ್ಮವ್ವ, ಜ್ವಾಳ ಬೀಸಿದಂಗ ಸಪ್ಪಳ," ಎಂದು ಅವ್ವ ಅಲ್ಲಿಂದಲೇ ಅನ್ನುತ್ತಿದ್ದಳು.

ಎಂ.ಎಸ್ಸಿ. ಸೇರಿದ ದಿನದಿಂದ ನಾನು ಪ್ರತಿದಿನ ಒಂದು ಫೈಲ್ ಬರೆದಿದ್ದೇನೆ. ಅದಕ್ಕೆ ಆ ದಿನದ ತಾರೀಖೇ ಹೆಸರು. ಪ್ರೇಮಪತ್ರಗಳಿದ್ದಿದ್ದರೆ ಮನೆಯವರಿಗೆ ಕಡೇಪಕ್ಷ ಅರ್ಥವಾಗುತ್ತಿತ್ತು. ಅದರಲ್ಲಿ ಇದ್ದದ್ದು ಆ ದಿನ ಕಂಡದ್ದು, ಯಾರು ಏನಂದರು, ಅದಕ್ಕೆ ನನಗೇನನ್ನಿಸಿತು, ಇಷ್ಟೇ. ನನ್ನನ್ನು ನೋಡಲು ಬಂದ ಮೂರು ಮನೆಯವರು ಆಡಿದ ಮಾತು, ಅವರು ಹೋದ ಮೇಲೆ ನಮ್ಮವರು ಆಡಿದ ಮಾತು, ಎರಡೂ ಇದ್ದವು. ನಾನು ಹೆಚ್ಚು ಮಾತಾಡುವವಳಲ್ಲ. ಆಡದೆ ಉಳಿದದ್ದೆಲ್ಲ ಅಲ್ಲಿತ್ತು. ಅದನ್ನು ಇನ್ನೊಬ್ಬರು ಓದುವುದು ನನಗೆ ಬೇಕಿರಲಿಲ್ಲ.

ನನ್ನ ಖಾತೆಗೆ ಪಾಸ್‌ವರ್ಡ್ ಇತ್ತು, ನಿಜ. ಆದರೆ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದನ್ನು ಯಾರೂ ಕೇಳುವುದಿಲ್ಲ. ಅಳಿಸಿ ಕೊಟ್ಟರೂ ಪ್ರಯೋಜನವಿಲ್ಲ. ಕಾಕಾನ ಮಗಳ ಮದುವೆ ಫೋಟೋಗಳು ಅಳಿಸಿಹೋದಾಗ ಅಣ್ಣ ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಮರಳಿ ತೆಗೆದುಕೊಟ್ಟಿದ್ದ. ಮನೆಯವರೆಲ್ಲ ಶಭಾಷ್ ಅಂದರು. ನಾನೂ ಅಂದೆ, ಒಳಗೇ ಹೆದರಿಕೊಂಡು.

ಪೆಟ್ಟಿಗೆ ಹಾಗೆಯೇ ವಾಪಸು ಬಂದದ್ದನ್ನು ನೋಡಿ ಅಣ್ಣ ಅಂಗಡಿಗೆ ಒಯ್ದದ್ದೇ ತಪ್ಪು ಅಂದ. "ಎಸ್‌ಎಸ್‌ಡಿ ಅಂತ ಹೊಸಾ ಡಿಸ್ಕ್ ಹಾಕಿದ್ರ ಮುಗೀತು, ರಾಕೆಟ್ ಆಕ್ಕೈತಿ. ಅದರಾಗ ತಿರುಗೋದ ಇಲ್ಲ, ಸವೆಯೋ ಮಾತ ಇಲ್ಲ, ಬರೇ ಚಿಪ್. ಹಳೇ ಡಿಸ್ಕ್ ಬಿಚ್ಚಿ ಕೊಡು, ನನ್ನ ಲ್ಯಾಪ್‌ಟಾಪಿಗೆ ಹಚ್ಚಿ ಎಲ್ಲಾ ಕಾಪಿ ಮಾಡಿ ಕೊಡ್ತೀನಿ."

"ನಾ ಮಾಡ್ಕೋತೀನಿ ಅಣ್ಣಾ."

"ನೀನಾ? ಮಿಕ್ಸರ್ ಜಾರಿನ ಬ್ಲೇಡ್ ಬದಲಿ ಮಾಡಿದಂಗಲ್ಲ ಇದು."

"ಅದನ್ನ ಬದಲಿ ಮಾಡಿದಾಕಿನೂ ನಾನ. ನೀ ಯಾವಾಗ ಮಾಡಿದ್ದಿ?"

ಅಡುಗೆಮನೆಯಲ್ಲಿ ಅವ್ವ ನಕ್ಕದ್ದು ಕೇಳಿಸಿತು. ಅವನಿಗೂ ಕೇಳಿಸಿತು. "ಮಾಡು ಮಾಡು. ಕೆಟ್ರ ಅಳಕೋತ ನನ್ನ ಕಡೆ ಬರಬ್ಯಾಡ."

"ಬರಂಗಿಲ್ಲ."

ನಾಲ್ಕು ದಿನ ಓದಿದೆ, ವಿಡಿಯೋ ನೋಡಿದೆ, ಬೇಕಾದದ್ದನ್ನು ಕಾಗದದ ಮೇಲೆ ಬರೆದುಕೊಂಡೆ. ವಿಂಡೋಸ್ ಹಾಕಲು ಒಂದು ಪೆನ್ ಡ್ರೈವನ್ನೂ ಸಿದ್ಧ ಮಾಡಿಟ್ಟುಕೊಂಡೆ. ತರಿಸಿದ ಎಸ್‌ಎಸ್‌ಡಿ ಅಂಗಿಯ ಜೇಬಿನ ಡೈರಿಯಷ್ಟು ಇತ್ತು, ತೂಕವೇ ಇಲ್ಲ. ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿ ಅಲುಗಾಡಿಸಿದ ಹಾಗೆ ಅಲುಗಾಡಿಸಿದರು. "ಒಳಗ ಏನರ ಐತೋ, ಖಾಲಿ ಡಬ್ಬಿ ಕಳಿಸ್ಯಾರೋ?"

ಶನಿವಾರ ಬೆಳಗ್ಗೆ ಪೆಟ್ಟಿಗೆಯ ಬದಿಯ ತಗಡು ಬಿಚ್ಚಿದೆ. ಪ್ರತಿ ವರ್ಷದ ಆಯುಧಪೂಜೆಯಲ್ಲಿ ಅವ್ವ ಅದಕ್ಕೆ ಹಚ್ಚಿದ ವಿಭೂತಿ, ಅರಿಷಿಣ, ಕುಂಕುಮವನ್ನೆಲ್ಲ ಫ್ಯಾನು ಒಳಗೆಳೆದುಕೊಂಡಿತ್ತು. ಧೂಳಿನ ಜೊತೆ ಸೇರಿ ಅದು ರೆಕ್ಕೆಗಳ ಮೇಲೆ ಕೆಂಪಗೆ ಗಟ್ಟಿಯಾಗಿತ್ತು. ಬಣ್ಣ ಹಚ್ಚುವ ಬ್ರಷ್ಷಿನಿಂದ ಮುಕ್ಕಾಲು ಗಂಟೆ ಉಜ್ಜಿದೆ. ಹೊಸದನ್ನು ಹಳೆಯದರ ಪಕ್ಕದಲ್ಲೇ ಸಿಕ್ಕಿಸಿ, ಇದ್ದದ್ದನ್ನು ಇದ್ದ ಹಾಗೆ ಅತ್ತಿಂದ ಇತ್ತ ನಕಲು ಮಾಡಲು ಹಚ್ಚಿದೆ. ಮೂರು ತಾಸು ಬೇಕೆಂದು ತೋರಿಸಿತು. "ಯಾರೂ ಆಫ್ ಮಾಡಬ್ಯಾಡ್ರಿ" ಎಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿ, ಬಟ್ಟೆ ಒಣಹಾಕಲು ಟೆರೇಸಿಗೆ ಹೋದೆ.

ನಮ್ಮವ್ವ ಹೊಸ್ತಿಲು ದಾಟುವ ಮುಂಚೆ ಫ್ರಿಜ್ ಒಂದನ್ನು ಬಿಟ್ಟು ಮನೆಯ ಎಲ್ಲ ಬಟನ್ನುಗಳನ್ನೂ ಆಫ್ ಮಾಡುತ್ತಾಳೆ. ರಾಯಚೂರಿನ ಮನೆಯಲ್ಲಿ ಮರೆತ ಇಸ್ತ್ರಿ ಪೆಟ್ಟಿಗೆಯಿಂದ ಮೇಜು ಸುಟ್ಟಾಗಿನಿಂದ ಇದು ಬಂದಿದೆ. ನೋಡಿ ಮಾಡುವುದಲ್ಲ, ಕೈ ತಾನಾಗಿಯೇ ಹೋಗುತ್ತದೆ. ನಾನು ಚೀಟಿ ಹಚ್ಚಿದ್ದು ಮಾನಿಟರಿಗೆ. ಬಟನ್ ಇದ್ದದ್ದು ಕಿಟಕಿಯ ಪರದೆಯ ಹಿಂದೆ. ಇಪ್ಪತ್ತೈದು ವರ್ಷ ಅವಳ ಜೊತೆ ಬದುಕಿಯೂ ಅದು ನನಗೆ ಹೊಳೆಯದಿದ್ದದ್ದು ನನ್ನದೇ ತಪ್ಪು.

ಕೆಳಗೆ ಬಂದಾಗ ಮನೆ ಸ್ತಬ್ಧವಾಗಿತ್ತು. ಅವ್ವ ತರಕಾರಿಗೆ ಹೋಗಿದ್ದಳು. ಬಟನ್ ಹಾಕಿದೆ. ಹಳೆಯ ಡಿಸ್ಕ್ ಒಮ್ಮೆ ಗುಂಯ್ ಅಂದು ನಿಂತಿತು. ಆಮೇಲೆ ಟಕ್, ಟಕ್, ಟಕ್. ಮಾನಿಟರಿನ ಮೇಲೆ ಏನೂ ಬರಲಿಲ್ಲ.

ಅಣ್ಣ ಹೊರಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಸಾಯಾಕತ್ತೈತಿ ಅದು. ಈಗರ ಕೊಡು. ಇಂಥಾದ್ದ ಓಪನ್ ಮಾಡಾಕ ಮಂದಿ ಅದಾರ, ಅವರ ಕಡೆ ಒಯ್ದು ಕೊಡ್ತೀನಿ."

"ಬ್ಯಾಡ."

"ಹುಚ್ಚಿ, ಎಲ್ಲಾ ಹೊಕ್ಕೈತಿ. ನಿಂದೂ, ನಂದೂ."

"ನಂದು ಹೋಗ್ಲಿ. ಕೊಡಂಗಿಲ್ಲ."

ಅಂದದ್ದು ಎಷ್ಟು ನಿಜ ಎಂದು ಅಂದ ಮೇಲೆ ತಿಳಿಯಿತು. ನಾಲ್ಕು ವರ್ಷದ ಬರವಣಿಗೆ ಪೂರ್ತಿ ಇಲ್ಲವಾದರೂ ನಾನು ಬದುಕಬಲ್ಲೆ. ಅದು ಇದ್ದು, ಇನ್ನೊಬ್ಬರ ಮೇಜಿನ ಮೇಲೆ ತೆರೆದುಕೊಂಡರೆ ಬದುಕಲಾರೆ.

ಡಿಸ್ಕನ್ನು ಬಿಚ್ಚಿ ತಣ್ಣಗಾಗಲು ಬಿಟ್ಟೆ. ಅರ್ಧಕ್ಕೆ ನಿಂತ ನಕಲನ್ನು ಅಳಿಸಿ, ಪೆನ್ ಡ್ರೈವಿನಿಂದ ಹೊಸದರ ಮೇಲೆ ವಿಂಡೋಸ್ ಹಾಕಿದೆ. ಹನ್ನೊಂದು ನಿಮಿಷದ ಜಾಗದಲ್ಲಿ ಹದಿನೆಂಟು ಸೆಕೆಂಡು. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆನೇನೋ. ಹಳೆಯದನ್ನು ಮತ್ತೆ ಸಿಕ್ಕಿಸಿದೆ. ಎರಡು ಸಲ ಬರೀ ಟಕ್ ಟಕ್. ಮೂರನೆಯ ಸಲ ತಿರುಗಿತು. ಎಲ್ಲ ಫೋಲ್ಡರುಗಳೂ ಕಂಡವು.

"ಮೊದಲ ಫೋಟೋ ತೊಗೋ," ಅಂದ ಅಣ್ಣ, ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡು. "ನನ್ನ ಕಾಲೇಜಿನ ಫೋಟೋ, ಡಿ ಡ್ರೈವಿನಾಗ. ಲಗೂ!"

ನಾನು ನನ್ನದನ್ನು ಮೊದಲು ತೆಗೆದುಕೊಂಡೆ. ಬರೀ ಅಕ್ಷರ, ಹಗುರ. ಐದು ನಿಮಿಷದೊಳಗೆ ಬಂದುಬಿಟ್ಟಿತು. ಆಮೇಲೆ ಮನೆಯ ಫೋಟೋಗಳು, ಅಪ್ಪನ ಕಾಗದಪತ್ರಗಳು, ಕೊನೆಗೆ ಅವನ ಕಾಲೇಜಿನವು. ಅವು ಅರ್ಧ ಬರುವಷ್ಟರಲ್ಲಿ ಡಿಸ್ಕ್ ಕೀರಲು ದನಿ ತೆಗೆದು ನಿಂತಿತು. ಮತ್ತೆ ಏಳಲಿಲ್ಲ.

"ನೋಡ್ದಿ? ನಿನ್ನದೇನು ದೊಡ್ಡ ಗ್ರಂಥ ಅಂತ ಮೊದಲ ತೊಗೊಂಡಿ?"

"ನಿನ್ನ ಫೋಟೋ ನಿನ್ನ ಗೆಳೆಯರ ಕಡೆ ಇರ್ತಾವ. ಕೇಳಿದ್ರ ಕೊಡ್ತಾರ. ನಂದು ಇನ್ನ ಯಾರ ಕಡೆನೂ ಇಲ್ಲ."

ಇದನ್ನು ಬರೆಯುವಾಗಲೂ ನನಗೆ ಪಶ್ಚಾತ್ತಾಪವಿಲ್ಲ. ಇರಬೇಕಿತ್ತು ಎಂದು ಓದುವವರಿಗೆ ಅನ್ನಿಸಿದರೆ ಅನ್ನಿಸಲಿ. ಆ ಮನೆಯಲ್ಲಿ ಯಾವುದಾದರೂ ಸಾಲಿನಲ್ಲಿ ನಾನು ಮೊದಲು ನಿಂತದ್ದು ಅದೇ ಮೊದಲು.

ಭಾನುವಾರ ಅಣ್ಣ ಉಳಿದ ಫೋಟೋಗಳಿಗಾಗಿ ಡಿಸ್ಕ್ ಕೇಳಲು ಬಂದಾಗ ನಾನು ಬಾಲ್ಕನಿಯಲ್ಲಿ ಅದನ್ನು ಬಿಚ್ಚುತ್ತ ಕೂತಿದ್ದೆ. ಮೇಲಿನ ಸ್ಕ್ರೂಗಳಿಗೆ ನಕ್ಷತ್ರದಂಥ ಮೊನೆಯ ಸ್ಕ್ರೂಡ್ರೈವರ್ ಬೇಕು, ಅದನ್ನೂ ತರಿಸಿದ್ದೆ. ಮುಚ್ಚಳ ತೆಗೆದಾಗ ಒಳಗೆ ಎರಡು ತಟ್ಟೆಗಳು. ಅಷ್ಟು ನುಣುಪಾದ ವಸ್ತುವನ್ನು ನಾನು ಅದುವರೆಗೆ ಮುಟ್ಟಿರಲಿಲ್ಲ. ನನ್ನ ಮುಖ ಅದರಲ್ಲಿ ಒಂದು ಮಚ್ಚೆಯನ್ನೂ ಬಿಡದೆ ಕಂಡಿತು. ಮೊದಲನೆಯದನ್ನು ಕಲ್ಲಿನ ಮೇಲಿಟ್ಟು ಮೊಳೆ ಹಿಡಿದು ಸುತ್ತಿಗೆಯಿಂದ ಹೊಡೆದೆ.

"ಅಪ್ಪಾ, ನೋಡ ಬರ್ರಿ! ನಿಮ್ಮ ಮಗಳು ಒಳ್ಳೆ ಮಾಲು ಹಾಳು ಮಾಡಾಕತ್ತಾಳ!"

ಅಪ್ಪ ಬಾಗಿಲಿಗೆ ಬಂದು ನಿಂತರು. ನಮ್ಮ ಮನೆಯಲ್ಲಿ ಯಾವುದನ್ನೂ ಒಗೆಯುವುದಿಲ್ಲ. ಸುಟ್ಟ ಮೋಟಾರು, ಒಡೆದ ರೇಡಿಯೋ ಎಲ್ಲ ಅಟ್ಟದ ಮೇಲಿವೆ. ಅವರು ತಟ್ಟೆಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು.

"ಅದರಾಗ ಏನಿತ್ತವ್ವಾ?" ಅಂದರು. ಆಟೋದಲ್ಲಿ ಕೇಳಿದ ಧ್ವನಿ ಅದಾಗಿರಲಿಲ್ಲ.

"ನಂದು ಇತ್ತರಿ."

"ನಮ್ಮ ಬಗ್ಗೆ?"

ಸುಳ್ಳು ಹೇಳಬಹುದಿತ್ತು. "ನಿಮ್ಮ ಬಗ್ಗೆನೂ ಐತಿ. ಆದ್ರ ನಂದು."

ಅವರು ಅಣ್ಣನ ಕಡೆ ತಿರುಗಿ, "ನೀ ಒಳಗ ನಡಿ," ಅಂದರು. ನಾನು ಎರಡನೆಯ ತಟ್ಟೆಯನ್ನು ಕಲ್ಲಿನ ಮೇಲಿಟ್ಟೆ.

ಅಣ್ಣ ಹತ್ತು ದಿನ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಅವನ ಫೋಟೋಗಳು ಗೆಳೆಯರಿಂದ ಒಂದೊಂದಾಗಿ ಬಂದವು. ಎಲ್ಲವೂ ಬರಲಿಲ್ಲ. ಹೊಸ ಡಿಸ್ಕಿಗೆ ನಾನು ಈ ಸಲ ಒಳಗಿನಿಂದಲೇ ಬೀಗ ಹಾಕಿದ್ದೇನೆ. ಬಿಚ್ಚಿ ಎಲ್ಲಿಗೆ ಒಯ್ದರೂ ಕೀಲಿಯಿಲ್ಲದೆ ತೆರೆಯುವುದಿಲ್ಲ. ಅಪ್ಪನಿಗೆ, ಅಣ್ಣನಿಗೆ ಬೇರೆ ಬೇರೆ ಖಾತೆ ಮಾಡಿಕೊಟ್ಟೆ. ಅಪ್ಪ ತಮ್ಮ ಪಾಸ್‌ವರ್ಡನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಟ್ಟರು. ಅದು ಅವರ ಇಷ್ಟ.

ಒಂದು ಮಧ್ಯಾಹ್ನ ಅವರಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಅವ್ವ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳು ಕಂಪ್ಯೂಟರಿನಲ್ಲಿ ಪ್ರವಚನ ಕೇಳುವುದು ಬಿಟ್ಟರೆ ಬೇರೇನನ್ನೂ ಮುಟ್ಟಿದವಳಲ್ಲ.

"ಕನ್ನಡದಾಗ ಬರಿಯಾಕ ಬರ್ತೈತೇನು ಇದರಾಗ?"

"ಬರ್ತೈತಿ."

"ಹಂಗಾರ ನನಗೂ ಒಂದು ಮಾಡಿ ಕೊಡು. ಕೀಲಿ ಹಾಕಿದ್ದು." ಮತ್ತೆ ಕೈ ಒರೆಸಿಕೊಂಡು, "ನಿಮ್ಮಪ್ಪಗ ಹೇಳಬ್ಯಾಡ," ಅಂದಳು.

ಖಾತೆ ಮಾಡಿದೆ. ಪಾಸ್‌ವರ್ಡ್ ಹಾಕುವ ಜಾಗ ತೋರಿಸಿ, ಎದ್ದು ಕುರ್ಚಿ ಬಿಟ್ಟುಕೊಟ್ಟು, ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಅವಳು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದದ್ದು ಕೇಳಿಸುತ್ತಿತ್ತು. ಭಾಳ ಹೊತ್ತು ಹಿಡಿಯಿತು.

"ಏನ್ ಬರೀತಿ ಅವ್ವಾ?" ತಡೆಯಲಾರದೆ ಕೇಳಿಬಿಟ್ಟೆ.

"ನಿನಗ್ಯಾಕ ಹೇಳ್ಲಿ?" ಅಂದಳು ಅವ್ವ. "ಆ ಕಡೆನ ನೋಡು."