ನಾಂಪಲ್ಲಿ ಬಸ್ತಿಯಲ್ಲಿ ನನ್ನ ಜಗಳ

ಮೊಮ್ಮಗಳು ಪಾಸಾದಳು! ಬರೀ ಪಾಸಲ್ಲ, ಗುಡಿಸಲುಗಳ ಬಸ್ತಿಯಲ್ಲಿ ಅವಳು ಮಾಡಿದ ಕೆಲಸಕ್ಕೆ ತರಗತಿಯಲ್ಲೇ ಎಲ್ಲರಿಗಿಂತ ಹೆಚ್ಚು ಅಂಕ. ಫೋನಿನಲ್ಲಿ ಸುದ್ದಿ ಕೇಳಿದವಳೇ ಹಿಟ್ಟಿನ ಕೈಯಲ್ಲೇ ಓಣಿಗೆ ಓಡಿದೆ. ಎದುರುಮನೆಯವಳಿಗೂ ನನಗೂ ಆಗದು. ಅವಳಿಗೂ ಹೇಳಿದೆ, ಹೊಟ್ಟೆ ಉರಿಯಲಿ ಎಂದೇ ಹೇಳಿದೆ.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮೊಮ್ಮಗಳು ಬಿ.ಎ.ಯಲ್ಲಿ ಓದುವುದು ಸಮುದಾಯ ಮನಶ್ಶಾಸ್ತ್ರ. ಮನುಷ್ಯರ ಮನಸ್ಸು ಕೆಡುವುದಕ್ಕೆ ಅವರು ಬದುಕುವ ಓಣಿಯೂ ಹೇಗೆ ಕಾರಣ ಎಂದು ತಿಳಿಯುವ ವಿದ್ಯೆಯಂತೆ. ನನ್ನ ಹಿರಿಮಗ, ಅಂದರೆ ಅವಳ ದೊಡ್ಡಪ್ಪ, ಮೊದಲಿನಿಂದ ಅದರ ವೈರಿ.

"ಹುಚ್ಚರ ವಿದ್ಯಾ ಕಲಿತು ಯಾರನ್ನ ಉದ್ಧಾರ ಮಾಡ್ತಿ? ಈ ಸಲ ಫೇಲಾದ್ರ ಕಾಲೇಜ್ ಬಂದ್! ಅಮೀರ್‌ಪೇಟ್‌ದಾಗ ಕಂಪ್ಯೂಟರ್ ಕ್ಲಾಸಿಗೆ ಹಾಕ್ತೀನಿ" ಎಂದುಬಿಟ್ಟಿದ್ದ.

ನಾವು ಬಂದು ನೆಲೆಸಿದ ಈ ತೆಲುಗು ಊರಿನ ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಬಸ್ತಿಯ ಹೆಂಗಸರನ್ನು ಮಾತಾಡಿಸಿ, ಅವರ ಕಷ್ಟವನ್ನು ಪರೀಕ್ಷೆಯ ಅಂಕಕ್ಕಾಗಿ ಬರೆಯಬೇಕಿತ್ತು. ಹುಡುಗಿ ಕೊರಳಿಗೆ ಕಾಲೇಜಿನ ಕಾರ್ಡು ಹಾಕಿಕೊಂಡು, ಪ್ರಶ್ನೆಗಳ ಕಾಗದ ಹಿಡಿದು, ತೆಲುಗಿನಲ್ಲಿ ಕೇಳುತ್ತಾ ಹೋದಳು. ಮನೆ ಕೆಡವುವ ಸರ್ಕಾರದವರ ಕಡೆಯವಳೆಂದು ಬಸ್ತಿಯವರು ಅಟ್ಟಿದರು. ಅಳುತ್ತಾ ಬಂದಳು. ಮರುದಿನ ನಾನೇ ಜೊತೆಗೆ ಹೋದೆ.

ನಲ್ಲಿಯ ಹತ್ತಿರ ನನ್ನ ವಯಸ್ಸಿನವಳೊಬ್ಬಳು ಮೊಮ್ಮಗಳ ಕೈಯ ಕಾಗದ ಕಸಿದು ಗಟಾರಕ್ಕೆ ಎಸೆದಳು. ನನ್ನ ಪಿತ್ತ ನೆತ್ತಿಗೇರಿತು. ತೆಲುಗು, ಹಿಂದಿ ಎಲ್ಲ ಮರೆತು ನಮ್ಮ ಕಲಬುರಗಿ ಕಡೆಯ ಮಾತಿನಲ್ಲೇ ಕೂಗಿದೆ: "ಏ ಮುದುಕಿ, ಕೂಸಿನ ಮ್ಯಾಲೆ ಏನ್ ಜೋರ್ ತೋರಸ್ತೀ? ತಾಕತ್ತಿದ್ರ ನನ್ನ ಕೂಡ ಮಾತಾಡು!"

ಅವಳು ಕೊಡ ಕೆಳಗಿಟ್ಟಳು. "ನೀ ಮುದುಕಿ, ನಿಮ್ಮವ್ವ ಮುದುಕಿ! ಕನ್ನಡದಾಕಿ ಆಗಿ ನಮ್ಮ ಮನೀನ ಕೆಡವಾಕ ಬಂದೀಯೇನ?"

ಅವಳೂ ನಮ್ಮ ಕಡೆಯವಳೇ!

"ಯಾರ್ ಕೆಡವಾಕ ಬಂದಾರ? ಈಕಿ ನಿಮ್ಮ ಕಷ್ಟ ಕೇಳಾಕ ಬಂದಾಳ!"

"ಏನ್ ಕೇಳ್ತಾಳ? ಹೋದ ವರ್ಷ ಯಾರೋ ಹಿಂಗ ಬರಕೊಂಡು ಹೋದ್ರು, ಮುಂದ ನನ್ನ ಮಗನ ಮನಿ ಬಿತ್ತು. ಅವತ್ತಿಂದ ಸೊಸಿ ನಿದ್ದಿ ಮಾಡವಲ್ಲಳು. ಅದನ್ನ ಬರೀತಾಳೇನ?"

ಜಗಳ ಜೋರಾಯಿತು, ಉಳಿದ ಹೆಂಗಸರೂ ನುಗ್ಗಿದರು. ಯಾರ ಗೋಡೆ ಹೋಯಿತು, ಯಾರ ಕೂಸು ಬುಲ್ಡೋಜರ್ ಸದ್ದಿಗೆ ಬೆಚ್ಚುತ್ತದೆ, ಎಲ್ಲ ಬೈಗುಳದ ನಡುವೆಯೇ ಹೊರಬಂತು. ಮೊಮ್ಮಗಳು ನೆಲದ ಮೇಲೆ ಕೂತು ಎಲ್ಲವನ್ನೂ ಕಿವಿಗೊಟ್ಟು ಕೇಳಿದಳು. ಕೊನೆಗೆ ಆ ಮುದುಕಿಗೆ, "ಆಯಿ, ನೀವು ಹೇಳಿದ್ದನ್ನ ಬರಕೊಳ್ಳಲೇನ್ರಿ?" ಎಂದಳು.

"ಬರಕೋ. ಹೆಸರು ಹಾಕಿದೀ ಅಂದ್ರ ಕಾಲು ಮುರೀತೀನಿ."

ನನ್ನತ್ತ ಅವಳು ತಿರುಗಿಯೂ ನೋಡಲಿಲ್ಲ. ನಾನೂ ನೋಡಲಿಲ್ಲ. ಮೊಮ್ಮಗಳು ಮಾತ್ರ ಆಮೇಲೆ ದಿನಾ ಅಲ್ಲಿಗೆ ಹೋಗಿ ಕೂತಳು, ಬರೆದಳು. ಅಂಕ ಬಂದದ್ದು ಅದಕ್ಕೇ.

ಪಾಸಾದ ಸಂಜೆ ಹಿರಿಮಗನನ್ನು ಬೇಕಂತಲೇ ಊಟಕ್ಕೆ ಕರೆಸಿದೆ. ಎಲ್ಲರೂ ಸಾಲಾಗಿ ಕೂತೆವು. ಅವನು ಮುಖ ಊದಿಸಿಕೊಂಡು, "ಆತು, ಕಲೀಲಿ ಬಿಡು" ಎಂದ.

"ನಿನ್ನ ಅಪ್ಪಣಿ ಯಾರ್ ಕೇಳ್ಯಾರ? ಬಾಯಿ ಮುಚ್ಚಿ ಉಣ್ಣು" ಎಂದು ಅವನ ಹೋಳಿಗೆಯ ಮೇಲೆ ತುಪ್ಪ ಸುರಿದೆ. ಮೊಮ್ಮಗಳು ಆಗಲೇ ಇನ್ನೊಂದು ಹೋಳಿಗೆಗೆ ಕೈ ಚಾಚಿದ್ದಳು.