ಬದನೆ ಮಡಿಯಲ್ಲಿ ಓತಿಕ್ಯಾತದ ಮೊಟ್ಟೆ

ಹುಣಸೂರು ಪೇಟೆಯಲ್ಲಿ ಬೆಳೆದ ನನಗೆ ಓತಿಕ್ಯಾತ ಎಂದರೆ ಭಯ. ಅದು ಕತ್ತು ಕುಣಿಸುತ್ತಾ ದೂರದಿಂದಲೇ ನಮ್ಮ ರಕ್ತ ಹೀರುತ್ತದೆ, ಅದಕ್ಕೇ ಅದರ ಗಂಟಲು ಕೆಂಪು ಎಂದು ಶಾಲೆಯ ಗೆಳತಿಯರು ಹೇಳಿದ್ದನ್ನು ಮದುವೆಯಾಗುವವರೆಗೂ ನಂಬಿದ್ದೆ. ಮದುವೆಯಾಗಿ ವೀರನಹೊಸಹಳ್ಳಿ ಹತ್ತಿರದ ತೋಟದ ಮನೆಗೆ ಬಂದರೆ ಅಲ್ಲಿ ಬೇಲಿಯ ಗೂಟಕ್ಕೊಂದರಂತೆ ಓತಿಕ್ಯಾತ. ಬಟ್ಟೆ ಒಣಗಹಾಕಲು ಹೋಗುವಾಗಲೂ ಕೈಯಲ್ಲಿ ಕೋಲು ಹಿಡಿಯುತ್ತಿದ್ದೆ. ಅತ್ತೆ ನೋಡಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಅವರು ಮಾತು ಕಡಿಮೆಯ ಹೆಂಗಸು. ಉಪ್ಪು, ಹುಳಿ, ಸೌದೆ ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿರಲಿಲ್ಲ.

ಎರಡನೇ ವರ್ಷದ ಮೇ ತಿಂಗಳಲ್ಲಿ ಎರಡು ಹದ ಮಳೆ ಬಿತ್ತು. ಬದನೆ ಸಸಿ ನೆಡಲು ಅತ್ತೆ ಹಿತ್ತಲಲ್ಲಿ ಮಡಿ ಮಾಡಿದ್ದರು. ಮಾರನೆಯ ಬೆಳಿಗ್ಗೆ ನೋಡಿದರೆ ಮಡಿಯ ನಡುವೆ ಒಂದು ಓತಿಕ್ಯಾತ ಮುಂಗಾಲಲ್ಲಿ ಮಣ್ಣು ಕೆದಕುತ್ತಿತ್ತು. ಒಣಹುಲ್ಲಿನ ಬಣ್ಣದ ಮೈ, ಊದಿದ ಹೊಟ್ಟೆ, ಬೆನ್ನ ಮೇಲೆ ಬಾಚಣಿಗೆ ಹಲ್ಲಿನಂಥ ಮುಳ್ಳು, ಮೈಗಿಂತ ಎರಡು ಪಟ್ಟು ಬಾಲ. ಗಂಟಲು ಮಾತ್ರ ಕೆಂಪಿರಲಿಲ್ಲ. ಕೋಲು ಎತ್ತಿದೆ. ಹಿಂದಿನಿಂದ ಬಂದ ಅತ್ತೆ ಕೈ ಹಿಡಿದರು.

"ಬಸ್ರಿ ಕಣ್ ಮಗ. ಓಡುಸ್ಬ್ಯಾಡ, ಮೊಟ್ಟೆ ಇಕ್ಕಕೆ ಬಂದದೆ."

ಇಬ್ಬರೂ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆವು. ಅದು ಗುಂಡಿ ತೋಡಿ, ತಿರುಗಿ ಕೂತು, ಹುಣಸೆ ಬೀಜದ ಗಾತ್ರದ ಬಿಳಿ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟಿತು. ಒಲೆಯ ಮೇಲೆ ಸಾರು ಉಕ್ಕಿ ಹೋದರೂ ಅತ್ತೆ ಕದಲಲಿಲ್ಲ. ಕೊನೆಗೆ ಓತಿಕ್ಯಾತ ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಒತ್ತಿ ಗಟ್ಟಿ ಮಾಡಿ ಬೇಲಿ ಸೇರಿಕೊಂಡಿತು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಅತ್ತೆಗೆ ಅದು ಸರಿಬರಲಿಲ್ಲ. ಮೂರು ದಿನ ಕಾದರು, ನಾಲ್ಕನೆಯ ದಿನ ಇನ್ನು ನಾವೇ ನೋಡಿಕೊಳ್ಳಬೇಕೆಂದು ಕೋಳಿ ಕೆದಕದಂತೆ ಮುಳ್ಳುಕಂಟಿ ಹೊದಿಸಿದರು. ಬದನೆ ಸಸಿಗೆ ಬೇರೆ ಜಾಗವಾಯಿತು.

ಜೂನ್ ಮಳೆ ಜೋರಾಗಿ ಹಿತ್ತಲಲ್ಲಿ ನೀರು ನಿಂತಿತು. ಮೊಟ್ಟೆ ಕೊಳೆತುಹೋಗುತ್ತವೆ ಎಂದು ಅತ್ತೆ ತಲೆಗೆ ಗೋಣಿಚೀಲ ಹಾಕಿಕೊಂಡು, ಮೊಣಕಾಲು ನೋವನ್ನೂ ಲೆಕ್ಕಿಸದೆ ಗುದ್ದಲಿ ಹಿಡಿದು ಇಳಿದರು. ನಾನು ಗುದ್ದಲಿ ಕಿತ್ತುಕೊಂಡು ಮಡಿಯ ಸುತ್ತ ಕಾಲುವೆ ತೆಗೆದೆ. ಅವರು ಪಕ್ಕದಲ್ಲಿ ನಿಂತು ಎಲ್ಲಿ ತೋಡಬೇಕೆಂದು ತೋರಿಸಿದರು. ಒಳಗೆ ಬಂದು ಒಲೆಯ ಮುಂದೆ ಮೈ ಕಾಯಿಸಿಕೊಳ್ಳುವಾಗ, ನನ್ನ ಗಂಡ ಹೊಟ್ಟೆಯಲ್ಲಿದ್ದಾಗ ಇಂಥದೇ ಮಳೆಯಲ್ಲಿ ನೆನೆಯುತ್ತಾ ಅಂತರಸಂತೆಯ ತವರಿಗೆ ಹೋಗಿದ್ದನ್ನು ಹೇಳಿದರು. ಬಸ್ಸಿನಲ್ಲಿ ಯಾರೋ ಅಪರಿಚಿತೆ ತನ್ನ ಒಣ ಸೀರೆ ಹೊದಿಸಿದ್ದಳಂತೆ. ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಒಂದೂವರೆ ತಿಂಗಳಾಯಿತು. ಅತ್ತೆ ಭೇರ್ಯದ ತಂಗಿಯ ಮನೆಗೆ ಹೋಗಿದ್ದರು. ಬೆಳಿಗ್ಗೆ ಬಟ್ಟೆ ಹರವುತ್ತಿದ್ದಾಗ ಮಡಿಯ ಮಣ್ಣು ಬಿರಿಯಿತು. ಅವರೆಕಾಳಿನಷ್ಟು ತಲೆಯೊಂದು ಮೇಲೆದ್ದು ಕಣ್ಣು ಪಿಳುಕಿಸಿತು. ಅದರ ಹಿಂದೆ ಇನ್ನೊಂದು. ಹೊರಬಂದದ್ದೇ ತಡ, ಓಟ. ಒಂದು ನನ್ನ ಪಾದ ಹತ್ತಿ ಇಳಿದೇಹೋಯಿತು. ಕಿರುಚಬೇಕೆಂದು ನೆನಪಾಗುವಷ್ಟರಲ್ಲಿ ಅದು ಹುಲ್ಲಿನಲ್ಲಿತ್ತು. ಅತ್ತೆಗೆ ಫೋನ್ ಮಾಡಿದೆ. ನಾನಾಗಿಯೇ ಅವರಿಗೆ ಫೋನ್ ಮಾಡಿದ್ದು ಅದೇ ಮೊದಲು.

"ಎಷ್ಟವೆ ಮಗ?"

"ಎಣ್ಸಕ್ಕೆ ನಿಲ್ಲಲ್ಲ ಅತ್ತೆ, ಓಡ್ತಾವೆ."

"ಮೊದ್ಲು ಕೋಳಿ ಕೂಡಾಕು. ನಾನ್ ಬತ್ತೀನಿ."

ಇನ್ನೆರಡು ದಿನ ಇರಬೇಕಾದವರು ಮಧ್ಯಾಹ್ನದ ಬಸ್ಸಿಗೇ ಬಂದರು. ಚೀಲ ಜಗಲಿಯ ಮೇಲಿಟ್ಟು ನೇರ ಹಿತ್ತಲಿಗೆ. ತುಂಬಾ ಹುಡುಕಿದ ಮೇಲೆ ಹುರುಳಿಕಾಯಿ ಬಳ್ಳಿಯ ಬುಡದಲ್ಲಿ ಒಂದೇ ಒಂದು ಮರಿ ಸಿಕ್ಕಿತು. ಬಾಲ ಸೇರಿ ಬೆರಳಿನಷ್ಟುದ್ದ. ಇರುವೆಯೊಂದು ಹತ್ತಿರ ಬರುವುದನ್ನೇ ಕಾದು ಗಬಕ್ಕನೆ ನುಂಗಿತು. ಅತ್ತೆ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

"ಅವ್ವನ ಮುಖ ನೋಡಿಲ್ಲ, ಆಗ್ಲೇ ಉಂಡ್ಕತದೆ ನೋಡು."

ಮರಿ ಬಳ್ಳಿ ಹತ್ತಿ ಎಲೆಯಲ್ಲಿ ಮರೆಯಾಯಿತು. ತಂಗಿ ಕಟ್ಟಿಕೊಟ್ಟಿದ್ದ ಕಜ್ಜಾಯವನ್ನು ಅತ್ತೆ ಅಲ್ಲೇ ಬಿಚ್ಚಿದರು. ಕಾಲುವೆಯ ದಿಬ್ಬದ ಮೇಲೆ ಕೂತು ಇಬ್ಬರೂ ತಿಂದೆವು.