ಕಪ್ಪು ಪೆಟ್ಟಿಗೆಗೆ ಅರಿಶಿನ

ರಾಯಚೂರಿನಲ್ಲಿ ಬೆಳಕು ಸಾಲದೆಂದು ಗೋಳಾಡುವವರು ಯಾರೂ ಇಲ್ಲ. ನಾನು ಮಾತ್ರ ಅಲ್ಲಿನ ಪ್ರಯೋಗಾಲಯವೊಂದರ ಕಿಟಕಿಗಳಿಗೆ ಕಪ್ಪು ಬಟ್ಟೆ ಬಡಿದು, ಬೆಳಕಿನ ಒಂದೇ ಒಂದು ಕಣಕ್ಕಾಗಿ ವರ್ಷಗಟ್ಟಲೆ ಕೂತಿದ್ದೆ. ಆ ಕಣವೇ ಫೋಟಾನ್. ಅದನ್ನು ಬೇಕೆಂದಾಗ ಒಂದೊಂದಾಗಿ ಹೊರಡಿಸಲು ಕ್ವಾಂಟಮ್ ಡಾಟ್ ಬೇಕು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಅರೆವಾಹಕ ಹರಳು. ನೀಲಿ ಲೇಸರ್ ಒಮ್ಮೆ ಮಿಡಿದರೆ ಅದು ಒಂದೇ ಫೋಟಾನ್ ಕೊಡಬೇಕು. ಜೊತೆಗೆ ಇನ್ನೊಂದು ಬಂತೋ, ನನ್ನ ಪಿಎಚ್‌ಡಿ ನೀರುಪಾಲು.

ಹರಳುಗಳೋ, ಮಹಾ ಹಠಮಾರಿಗಳು. ಮಿನುಗುತ್ತವೆ, ಮುನಿಸಿಕೊಳ್ಳುತ್ತವೆ, ಸೆಕೆಗೆ ಸತ್ತೇ ಹೋಗುತ್ತವೆ. ಕಡೆಗೂ ಗಾಜಿನ ಪಟ್ಟಿಯೊಂದರ ಮೇಲೆ, ಹೇಳಿದ ಮಾತು ಕೇಳುವಂಥದ್ದೊಂದು ಸಿಕ್ಕಿತು. ಫೋಟಾನ್ ಎಣಿಸುವ ಯಂತ್ರ ಮಾತ್ರ ಎರವಲು ತಂದದ್ದು. ಆಯುಧಪೂಜೆಯ ಮರುದಿನ ಅದು ವಾಪಸು ಹೋಗಬೇಕಿತ್ತು. ಹಬ್ಬದ ಸಂಜೆ ಕೊನೆಯ ಅಳತೆ ಎಂದು ಇಟ್ಟುಕೊಂಡಿದ್ದೆ.

ಅಂದು ಬೆಳಿಗ್ಗೆ ದೇವದುರ್ಗದ ಬಸ್ಸಿಳಿದು ಅವ್ವ ಬಂದಳು. ಹೊಲದ ಕೂಲಿ ಮಾಡಿ ನನ್ನನ್ನು ಓದಿಸಿದವಳು, ಗುಡಿಯ ಹೊರಗೆ ನಿಂತೇ ಕೈಮುಗಿದು ಮುದುಕಿಯಾದವಳು. ನನ್ನ ಗೈಡ್ ಮಾನ್ವಿಯವರು, ದೇವಸ್ಥಾನದ ಪೂಜೆಯ ಮನೆತನ. ಪೂಜೆಯ ಹರಿವಾಣ ತಂದವರೂ ಅವರೇ, ಅವ್ವನಿಗೆ ಕಾಣಲೆಂದು, ಹರಳು, ಮಸೂರ ಇಟ್ಟಿದ್ದ ಕಪ್ಪು ಪೆಟ್ಟಿಗೆಯ ಮುಚ್ಚಳ ತೆಗೆದವರೂ ಅವರೇ.

“ಯವ್ವಾ, ಇದು ನಿಮ್ಮ ಮಗಳ ಆಯುಧ ಅದ. ಪೂಜಿ ನಿಮ್ಮ ಕೈಲೇ ಆಗ್ಲಿ, ಬರ್ರಿ.”

“ನಾ ಮುಟ್ಟಬಹುದೇನ್ರಿ?” ಎಂದಳು ಅವ್ವ.

“ನೀವೇ ಮುಟ್ಟಬೇಕ್ರಿ.”

ಪೆಟ್ಟಿಗೆಯ ಅಂಚಿಗೆ ಹಚ್ಚುತ್ತಾಳೆ ಎಂದು ನಾವಿಬ್ಬರೂ ಅಂದುಕೊಂಡೆವು. ಅವಳು ಅರಿಶಿನ ಹಿಡಿದ ಕೈಯನ್ನು ಒಳಗೇ ಚಾಚಿದಳು. ಮೊದಲು ಮಸೂರಕ್ಕೆ, ಆಮೇಲೆ ಗಾಜಿನ ಪಟ್ಟಿಗೆ. ನೀಲಿ ಬೆಳಕು ಬಿದ್ದರೆ ಅರಿಶಿನ ಹೊಳೆಯುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು. ಮುಟ್ಟಬೇಡ ಎಂದು ಅವಳಿಗೆ ಇನ್ನೊಮ್ಮೆ, ಅದೂ ನಾನು, ಹೇಗೆ ಹೇಳಲಿ?

ಸಂಜೆ ಲೇಸರ್ ಹಚ್ಚಿದೆ. ಎಣಿಕೆಯ ಗೆರೆ ಪರದೆಯ ತುದಿಗೆ ಹಾರಿತು. ಎಲ್ಲಿ ನೋಡಿದರೂ ಅರಿಶಿನದ ಬೆಳಕು, ಅದರಲ್ಲಿ ನನ್ನ ಹರಳು ಎಲ್ಲೋ ಮುಳುಗಿತ್ತು. ಗಾಜು ಒರೆಸಿದರೆ ಹರಳೂ ಹೋಗುತ್ತಿತ್ತು.

“ನಾನರ ತಡೀಬೇಕಿತ್ತು,” ಎಂದರು ಗೈಡ್, ಪರದೆಯಿಂದ ಕಣ್ಣು ಕೀಳದೆ. ನನಗೆ ಅವರ ಮೇಲೆ ಸಿಟ್ಟು, ಅವ್ವನ ಮೇಲೂ ಸಿಟ್ಟು. ಹಬ್ಬದ ಮೇಲಂತೂ ಕೇಳಲೇಬೇಡಿ.

ಯಂತ್ರ ಹೋಯಿತು, ಮತ್ತೆ ಸಿಗಲಿಲ್ಲ. ಪಿಎಚ್‌ಡಿಯ ಗಡುವೂ ಮುಗಿಯಿತು. ಈಗ ದೇವದುರ್ಗದಲ್ಲಿ ಅತಿಥಿ ಉಪನ್ಯಾಸಕಿಯಾಗಿ, ಪಟ್ಟಕ ಹಿಡಿದು ಏಳು ಬಣ್ಣ ತೋರಿಸುತ್ತೇನೆ. ಇನ್ನೊಮ್ಮೆ ಪ್ರಯತ್ನಿಸು ಎನ್ನುವವರಿಗೆ ಹೂಂ ಅನ್ನುತ್ತೇನೆ. ಪ್ರಯತ್ನಿಸುವುದಿಲ್ಲ, ನನ್ನಲ್ಲಿ ಏನೂ ಉಳಿದಿಲ್ಲ.

ಆ ಸಂಜೆ ಅವ್ವ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಬೆರಳುಗಳು ಇನ್ನೂ ಹಳದಿ.

“ಏನಾತವ್ವಾ? ಬೆಳಕು ಬಂತಾ?”

“ಭಾಳ ಬಂತವ್ವಾ,” ಎಂದೆ.

ಅವಳು ಅಲ್ಲೇ ಅತ್ತಳು. ಈಗಲೂ ಓಣಿಯ ಹೆಂಗಸರಿಗೆ ಹೇಳುತ್ತಿರುತ್ತಾಳೆ: “ನನ್ನ ಕೈ ಹತ್ತಿದ ಮ್ಯಾಲೆ ಅದು ಹೊಳೀತು ನೋಡ್ರಿ.” ಅವಳು ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತೇನೆ.